ಸೂಜಿ ಲೆಕ್ಕ, ಜ್ವರದ ಲೆಕ್ಕ

ನನ್ನ ಕೆಲಸ ಡ್ಯಾಶ್‌ಬೋರ್ಡ್ ಕಟ್ಟೋದು. ವಿದೇಶಿ ನೆರವಿನ ಯೋಜನೆಗಳಲ್ಲಿ ಎಷ್ಟು ತರಬೇತಿ ಆಯ್ತು, ಎಷ್ಟು ಮನೆ ತಲುಪಿತು ಅಂತ ಅಂಕಿ ತೋರಿಸೋದು. ಭದ್ರಾವತಿಯ ಅಕ್ಕನ ಮನೆಯಿಂದ ಶಿವಮೊಗ್ಗದ ಬಸ್ ಹತ್ತಿದಾಗೆಲ್ಲ ಮಂಗನ ಕಾಯಿಲೆಯ ಕಥೆ ನೆನಪಾಗುತ್ತೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತವು, ಜನ ಜ್ವರದಿಂದ ಮಲಗಿದರು. ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿದ್ದ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು, ಉಣುಗಿನಿಂದ ಹರಡುವ ಹೊಸ ವೈರಸ್ ಪತ್ತೆಮಾಡಿದರು. ಅಂದಿನಿಂದ ಮಲೆನಾಡಲ್ಲಿ ಸತ್ತ ಮಂಗವೇ ಮೊದಲ ಸೂಚಕ. ಸುದ್ದಿ ಶಿವಮೊಗ್ಗದ ಪ್ರಯೋಗಾಲಯಕ್ಕೆ ಬೇಗ ಮುಟ್ಟಬೇಕು.

ಆಮೇಲೆ ಲಸಿಕೆ ಬಂತು. 1994ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಎರಡು ಡೋಸಿಗೆ ಶೇ. 93.5 ರಕ್ಷಣೆ. ಅದನ್ನೇ ನೆಚ್ಚಿಕೊಂಡು ವರ್ಷಗಟ್ಟಲೆ ಚುಚ್ಚಿದ್ದಾಯ್ತು. 2005ರಿಂದ 2010ರವರೆಗಿನ ದಾಖಲೆಗಳನ್ನ ಮತ್ತೆ ಲೆಕ್ಕ ಹಾಕಿ 2013ರಲ್ಲಿ ಪ್ರಕಟಿಸಿದಾಗ ಸಿಕ್ಕಿದ್ದು ಶೇ. 62.4. ಒಂದೇ ಡೋಸಿನಿಂದ ಉಪಯೋಗವೇ ಕಾಣಲಿಲ್ಲ. ಕೊನೆಗೆ 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಿದರು.

ನಮ್ಮಜ್ಜಿ ಮೊದಲ ಸೂಜಿಯ ಉರಿಗೆ ಹೆದರಿ ಎರಡನೇದಕ್ಕೆ ಹೋಗಲೇ ಇಲ್ಲ. ಆದ್ರೂ ರಿಜಿಸ್ಟರಲ್ಲಿ ಆಕೆಯದೂ ಒಂದು ಡೋಸ್, ಗುರಿಗೆ ಜಮಾ. ಯಾರೂ ಸುಳ್ಳು ಬರೆದಿರಲಿಲ್ಲ. ಹಾಕಿದ ಡೋಸ್ ಎಣಿಸೋದು ಸುಲಭ, ಬಾರದೇ ಹೋದ ಜ್ವರ ಎಣಿಸೋದು ಕಷ್ಟ, ಅಷ್ಟೇ.

ಅದಕ್ಕೇ ಪರದೆಯಲ್ಲಿ ಅಂಕಿ ಹಸಿರಾದಾಗ ನಾನೀಗ ಕೇಳ್ತೀನಿ: ಇದು ಚುಚ್ಚಿದ ಸೂಜಿಯ ಲೆಕ್ಕವೋ, ತಪ್ಪಿದ ಜ್ವರದ ಲೆಕ್ಕವೋ? ಮೀಟಿಂಗ್ ಅರ್ಧ ಗಂಟೆ ಉದ್ದವಾಗುತ್ತೆ. ಆಗಲಿ ಬಿಡಿ.