ಕನಸಿನೊಳಗಣ ಅರಿವು

ಶರಣರ ವಚನಗಳಲ್ಲಿ ಕನಸಿನ ಪ್ರಸ್ತಾಪ ಹಲವೆಡೆ ಬರುತ್ತದೆ. ಅವುಗಳಲ್ಲಿ ಅಕ್ಕಮಹಾದೇವಿಯವರ ಕನಸಿನ ವಚನವನ್ನು ಕೇಳದ ಕನ್ನಡಿಗರು ವಿರಳ. ಮಂಗಲದ್ರವ್ಯಗಳೂ ಭಿಕ್ಷೆಗೆ ಬಂದ ಗೊರವನೂ ಕಾಣಿಸಿಕೊಳ್ಳುವ ಆ ಕನಸು ಚೆನ್ನಮಲ್ಲಿಕಾರ್ಜುನನ ದರ್ಶನದೊಡನೆ ಕಣ್ತೆರೆಯುವಲ್ಲಿ ಮುಗಿಯುತ್ತದೆ. ಕಣ್ತೆರೆದೊಡನೆ ಕಂಡದ್ದು ಮಾಯವಾಗುವುದು ಲೋಕದ ರೂಢಿ. ಅಕ್ಕನಲ್ಲಾದರೋ ಕಂಡದ್ದೇ ಕಣ್ತೆರೆಸುತ್ತದೆ. ಶರಣಸತಿ ಲಿಂಗಪತಿ ಭಾವಕ್ಕೆ ನಿದರ್ಶನವಾಗಿ ಈ ವಚನವನ್ನು ವಿವರಿಸುವುದು ವಾಡಿಕೆ, ಅದು ಸರಿಯೂ ಹೌದು. ಆದರೆ ಅದರೊಳಗೆ ಮತ್ತೊಂದು ಪ್ರಶ್ನೆಯೂ ಅಡಗಿದೆ. ಎಚ್ಚರವೆಂಬುದು ಕಣ್ಣಿನ ರೆಪ್ಪೆಗೆ ಸೇರಿದುದೋ, ಅರಿವಿಗೆ ಸೇರಿದುದೋ? ನಿದ್ರಿಸುತ್ತಿರುವ ಮನುಷ್ಯನಲ್ಲಿ ವಿಚಾರಶಕ್ತಿ ಇರಬಲ್ಲುದೇ?

ಈ ಪ್ರಶ್ನೆಗೆ ಬಹು ದೀರ್ಘವಾದ ಇತಿಹಾಸವಿದೆ. ಜಾಗ್ರತ್, ಸ್ವಪ್ನ, ಸುಷುಪ್ತಿಗಳನ್ನು ಬೇರ್ಪಡಿಸಿ, ಅವುಗಳಾಚೆಗೆ ನಾಲ್ಕನೆಯದೊಂದನ್ನು ಹೇಳಿದುದು ಮಾಂಡೂಕ್ಯೋಪನಿಷತ್ತು. ಈ ಅವಸ್ಥೆಗಳ ಹೆಸರುಗಳು ವಚನಕಾರರ ಮಾತಿನಲ್ಲಿಯೂ ಬಳಕೆಯಾದವು. ಗ್ರೀಸಿನಲ್ಲಿ ಕ್ರಿ.ಪೂ. 4ನೆಯ ಶತಮಾನದ ಅರಿಸ್ಟಾಟಲ್, ಕನಸುಗಳನ್ನು ಕುರಿತ ತನ್ನ ಗ್ರಂಥದಲ್ಲಿ, ನಿದ್ರಿಸುವವನೊಳಗೆ ಕೆಲವೊಮ್ಮೆ ಏನೋ ಒಂದು ‘ಈಗ ತೋರುತ್ತಿರುವುದು ಬರಿಯ ಕನಸು’ ಎಂದು ತಿಳಿಸುವುದುಂಟೆಂದು ಗುರುತಿಸಿದ್ದಾನೆ. ಕನಸು ಕಾಣುತ್ತಿರುವಾಗಲೇ ಅದು ಕನಸೆಂದು ತಿಳಿದಿರುವ ಈ ಸ್ಥಿತಿಯನ್ನೇ ಇಂದಿನ ಮನಶ್ಶಾಸ್ತ್ರಜ್ಞರು ‘ಲ್ಯೂಸಿಡ್ ಡ್ರೀಮ್’ ಎನ್ನುತ್ತಾರೆ. ಕನ್ನಡದಲ್ಲಿ ಅದನ್ನು ಅರಿವುಳ್ಳ ಕನಸು ಎನ್ನಬಹುದು.

ಅರಿವುಳ್ಳ ಕನಸಿನ ಹಳೆಯ ವೃತ್ತಾಂತಗಳಲ್ಲಿ ಅತ್ಯಂತ ಸೊಗಸಾದುದು ಉತ್ತರ ಆಫ್ರಿಕದ್ದು. ಕ್ರೈಸ್ತ ಗುರು ಅಗಸ್ಟೀನರು ಸುಮಾರು 415ರಲ್ಲಿ ಎವೋಡಿಯಸ್ ಎಂಬ ಮಿತ್ರರಿಗೆ ಬರೆದ ಪತ್ರದಲ್ಲಿ ಗೆನ್ನಾಡಿಯಸ್ ಎಂಬ ವೈದ್ಯನ ಕಥೆಯಿದೆ. ರೋಮಿನಲ್ಲಿ ವೈದ್ಯವೃತ್ತಿ ನಡೆಸಿ ಹೆಸರು ಗಳಿಸಿ, ಅನಂತರ ಕಾರ್ಥೇಜಿನಲ್ಲಿ ನೆಲೆಸಿದವನು ಆತ. ದಯಾಳು, ಬಡವರ ಬಂಧು. ಆದರೆ ಮರಣಾನಂತರ ಬದುಕುಂಟೇ ಎಂಬ ಸಂದೇಹ ಅವನನ್ನು ಬಾಧಿಸಿತ್ತು. ಒಂದು ರಾತ್ರಿ ಕನಸಿನಲ್ಲಿ ತೇಜಸ್ವಿಯಾದ ತರುಣನೊಬ್ಬನು ಅವನನ್ನು ಒಂದು ನಗರಕ್ಕೆ ಕರೆದೊಯ್ದು ಮಧುರವಾದ ಗಾನವನ್ನು ಕೇಳಿಸಿದನು. ಎದ್ದ ವೈದ್ಯನು ಅದನ್ನು ಕನಸೆಂದು ತಳ್ಳಿಹಾಕಿದನು. ಮರುರಾತ್ರಿ ಅದೇ ತರುಣನು ಮತ್ತೆ ಬಂದು, ತನ್ನ ಗುರುತು ಸಿಕ್ಕಿತೇ ಎಂದು ಕೇಳಿದನು. ಸಿಕ್ಕಿತೆಂದನು ವೈದ್ಯ. ಎಲ್ಲಿ ಕಂಡೆ, ಎಚ್ಚರದಲ್ಲೋ ನಿದ್ರೆಯಲ್ಲೋ ಎಂಬ ಪ್ರಶ್ನೆಗೆ ನಿದ್ರೆಯಲ್ಲೆಂದು ಉತ್ತರಿಸಿದನು. ನಿನ್ನ ನೆನಪು ಸರಿಯಾಗಿದೆ, ಈಗಲೂ ನೀನು ನಿದ್ರೆಯಲ್ಲೇ ಕಾಣುತ್ತಿರುವೆ ಎಂದನು ತರುಣ. ಆ ಕ್ಷಣದಿಂದ ಅದು ಅರಿವುಳ್ಳ ಕನಸು. ಪ್ರಶ್ನೆಗಳು ಅಲ್ಲಿಗೂ ನಿಲ್ಲಲಿಲ್ಲ. ನಿನ್ನ ದೇಹವೆಲ್ಲಿದೆ? ಹಾಸಿಗೆಯ ಮೇಲೆ. ಅದರ ಕಣ್ಣುಗಳು ಮುಚ್ಚಿವೆಯಷ್ಟೆ? ಹೌದು. ಹಾಗಾದರೆ ನನ್ನನ್ನು ನೋಡುತ್ತಿರುವ ಕಣ್ಣು ಯಾವುದು? ವೈದ್ಯನು ನಿರುತ್ತರನಾದನು.

ಅಗಸ್ಟೀನರು ಈ ಕಥೆಯನ್ನು ಹೇಳಿದುದು ಆತ್ಮದ ಅಮರತ್ವವನ್ನು ಸಮರ್ಥಿಸುವುದಕ್ಕಾಗಿ. ಕನಸಿನಿಂದ ಅಷ್ಟು ದೊಡ್ಡ ತೀರ್ಮಾನ ಹೊರಡುವುದೋ ಇಲ್ಲವೋ, ಅದು ಬೇರೆ ಮಾತು. ಗಮನಿಸಬೇಕಾದುದು ಅರಿವು ಬಂದ ಬಗೆ. ಅದು ದಿವ್ಯದರ್ಶನದಿಂದಾಗಲಿ ಗಾನದಿಂದಾಗಲಿ ಬರಲಿಲ್ಲ. ಮೊದಲ ರಾತ್ರಿ ಅವೆರಡೂ ಇದ್ದವು. ಆದರೂ ವೈದ್ಯನು ಮೈಮರೆತೇ ಇದ್ದನು. ಎರಡನೆಯ ರಾತ್ರಿ ಅವನನ್ನು ಎಚ್ಚರಿಸಿದುದು ಪ್ರಶ್ನೆ. ಅನುಭಾವಗೋಷ್ಠಿಯ ಪ್ರಶ್ನೋತ್ತರಗಳನ್ನು ಶೂನ್ಯಸಂಪಾದನೆಯಲ್ಲಿ ಓದಿದವರಿಗೆ ಈ ಕ್ರಮ ಅಪರಿಚಿತವೆನಿಸದು.

ಟಿಬೆಟಿನ ಬೌದ್ಧರು ಇದನ್ನೊಂದು ಸಾಧನೆಯಾಗಿಯೇ ಬೆಳೆಸಿದರು. 11ನೆಯ ಶತಮಾನದ ಭಾರತೀಯ ಸಿದ್ಧ ನಾರೋಪನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಆರು ಯೋಗಗಳಲ್ಲಿ ಸ್ವಪ್ನಯೋಗವೂ ಒಂದು. ಯೂರೋಪಿನಲ್ಲಿ 1867ರಲ್ಲಿ ಫ್ರೆಂಚ್ ವಿದ್ವಾಂಸ ಎರ್ವೆ ದ ಸಾಂ-ದೆನಿ, ಬಾಲ್ಯದಿಂದ ಬರೆದಿಟ್ಟ ಕನಸುಗಳ ಆಧಾರದ ಮೇಲೆ, ಕನಸನ್ನು ನಡೆಸುವ ಬಗೆಯನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದನು.

‘ಲ್ಯೂಸಿಡ್ ಡ್ರೀಮ್’ ಎಂಬ ಹೆಸರನ್ನು ರೂಢಿಗೆ ತಂದವರು ಹಾಲೆಂಡಿನ ಮನೋವೈದ್ಯರೂ ಸಾಹಿತಿಗಳೂ ಆದ ಫ್ರೆಡರಿಕ್ ವಾನ್ ಏಡನ್. ರವೀಂದ್ರನಾಥ ಠಾಕೂರರ ಗೀತಾಂಜಲಿಯನ್ನು ಡಚ್ ಭಾಷೆಗೆ ತಂದವರೂ ಇವರೇ. 1913ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ, 1898ರಿಂದ 1912ರವರೆಗೆ ಇಂತಹ 352 ಕನಸುಗಳನ್ನು ಕಂಡುದಾಗಿ ಅವರು ದಾಖಲಿಸಿದ್ದಾರೆ. 1904ರ ಸೆಪ್ಟೆಂಬರಿನ ಒಂದು ಕನಸಿನಲ್ಲಿ ಅವರು ಕಿಟಕಿಯ ಬಳಿ ಮೇಜಿನ ಮುಂದೆ ನಿಂತಿದ್ದರು. ಇದು ಕನಸೆಂಬ ಪೂರ್ಣ ತಿಳಿವಿನೊಡನೆ, ಇಲ್ಲಿ ಯಾವ ಪ್ರಯೋಗಗಳನ್ನು ಮಾಡಬಹುದೆಂದು ಯೋಚಿಸಿದರು. ಗಾಜಿನ ತುಂಡನ್ನು ಕಲ್ಲಿನಿಂದ ಹೊಡೆದರು, ಒಡೆಯಲಿಲ್ಲ. ಮದ್ಯದ ತೆಳುವಾದ ಲೋಟವೊಂದನ್ನು ಮುಷ್ಟಿಯಿಂದ ಗುದ್ದಿದರು. ಎಚ್ಚರದಲ್ಲಿ ಹೀಗೆ ಮಾಡಿದ್ದರೆ ಕೈಗೆ ಎಂತಹ ಅಪಾಯವೆಂಬ ಯೋಚನೆಯೂ ಆಗಲೇ ಬಂದಿತ್ತು. ಲೋಟ ಹಾಗೆಯೇ ಇತ್ತು. ತುಸು ಹೊತ್ತಿನ ಮೇಲೆ ನೋಡಿದರೆ ಒಡೆದಿತ್ತು! ತನ್ನ ಸರದಿಯನ್ನು ಮರೆತು ತಡವಾಗಿ ರಂಗಕ್ಕೆ ಬಂದ ನಟನಂತೆ ಆ ಒಡಕು ಅವರಿಗೆ ಕಂಡಿತು. ಜಗತ್ತು ಅಚ್ಚುಕಟ್ಟಾಗಿ ಅನುಕರಿಸಲ್ಪಟ್ಟಿದೆ, ಆದರೆ ಅಲ್ಲಲ್ಲಿ ಚಿಕ್ಕ ತಪ್ಪುಗಳಿವೆ ಎಂಬ ವಿಲಕ್ಷಣ ಭಾವನೆ ತಮಗಾಯಿತೆಂದು ಅವರು ಬರೆದಿದ್ದಾರೆ. ಮಾಯೆಯನ್ನು ಕುರಿತ ಮಾತುಗಳನ್ನು ಕೇಳುತ್ತ ಬೆಳೆದವರು ಈ ಸಂಗತಿಯನ್ನು ಎರಡು ಸಲ ಓದಿಯಾರು.

ಇಷ್ಟಾದರೂ ಪಂಡಿತರು ಒಪ್ಪಲಿಲ್ಲ. ಅಮೆರಿಕದ ದಾರ್ಶನಿಕ ನಾರ್ಮನ್ ಮಾಲ್ಕಮ್ ಕನಸನ್ನು ಕುರಿತ ತಮ್ಮ 1959ರ ಪುಸ್ತಕದಲ್ಲಿ, ನಿದ್ರೆಯಲ್ಲಿ ವಿಚಾರ ಮಾಡುವುದು, ತೀರ್ಮಾನಿಸುವುದು ಎಂಬ ಮಾತಿಗೇ ಅರ್ಥವಿಲ್ಲವೆಂದು ವಾದಿಸಿದರು. ಎದ್ದಮೇಲೆ ಹೇಳುವ ಕಥೆಯ ಹೊರತು ಬೇರೆ ಸಾಕ್ಷಿಯಾದರೂ ಎಲ್ಲಿದೆ? ಈ ವಾದಕ್ಕೆ ಉತ್ತರ ಕಣ್ಣಿನ ಮೂಲಕವೇ ದೊರೆಯಿತು. ನಿದ್ರೆಯ ಒಂದು ಹಂತದಲ್ಲಿ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವುದನ್ನು ಷಿಕಾಗೋ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ 1953ರಲ್ಲಿ ಪ್ರಕಟಿಸಿದ್ದರು. ಸ್ಫುಟವಾದ ಕನಸುಗಳು ಹೆಚ್ಚಾಗಿ ಬೀಳುವುದು ಆ ಹಂತದಲ್ಲಿ. ಆಗ ಕೈಕಾಲುಗಳ ಸ್ನಾಯುಗಳು ಸಡಿಲಗೊಂಡು ಚಲನೆ ತಪ್ಪಿರುತ್ತದೆ, ಕಣ್ಣುಗಳಿಗೆ ಮಾತ್ರ ಆ ನಿರ್ಬಂಧವಿಲ್ಲ. ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ 1975ರ ಏಪ್ರಿಲ್‌ನಲ್ಲಿ ಕೀತ್ ಹರ್ನ್ ಅವರ ಪ್ರಯೋಗಕ್ಕೆ ಒಳಗಾಗಿ ಮಲಗಿದ್ದ ಆಲನ್ ವರ್ಸ್ಲಿ, ತಾನು ಕನಸಿನಲ್ಲಿರುವೆನೆಂದು ಅರಿತೊಡನೆ, ಮೊದಲೇ ಗೊತ್ತುಮಾಡಿಕೊಂಡಿದ್ದಂತೆ ಕಣ್ಣುಗಳನ್ನು ಎಡಕ್ಕೂ ಬಲಕ್ಕೂ ಹೊರಳಿಸಿದರು. ಯಂತ್ರವು ಅದನ್ನು ಕಾಗದದ ಮೇಲೆ ಗೀಚಿತು. ನಿದ್ರೆಯ ಒಳಗಿನಿಂದ ಹೊರಕ್ಕೆ ಬಂದ ಮೊದಲ ಬುದ್ಧಿಪೂರ್ವಕ ಸಂಕೇತವದು. ಕೆಲವು ವರ್ಷಗಳ ಅನಂತರ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಬರ್ಜ್ ಸ್ವತಂತ್ರವಾಗಿ ಅದನ್ನೇ ಸಾಧಿಸಿದರು. ಕನಸಿನಲ್ಲಿ ಹತ್ತು ಸೆಕೆಂಡುಗಳನ್ನು ಎಣಿಸಲು ಹಿಡಿಯುವ ಕಾಲವೂ ಎಚ್ಚರದಲ್ಲಿ ಹಿಡಿಯುವ ಕಾಲವೂ ಹೆಚ್ಚುಕಡಿಮೆ ಒಂದೇ ಎಂದೂ ಅವರು ತೋರಿಸಿದರು.

ಕನಸಿನಲ್ಲಿ ಅರಿವುಳ್ಳವರ ವಿಚಾರಶಕ್ತಿ ಎಚ್ಚರದಲ್ಲಿಯೂ ಮಿಗಿಲೇ? ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂತಹ ಕನಸುಗಳನ್ನು ಮೇಲಿಂದ ಮೇಲೆ ಕಾಣುವ ತರುಣರು ಒಳಹೊಳಹು ಬೇಡುವ ಶಬ್ದಸಮಸ್ಯೆಗಳನ್ನು ಇತರರಿಗಿಂತ ಹೆಚ್ಚು ಬಿಡಿಸಿದರು. 2015ರಲ್ಲಿ ಬರ್ಲಿನ್ನಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಇಂತಹವರ ಮಿದುಳಿನ ಮುಂತುದಿಯ ಭಾಗ ಗಾತ್ರದಲ್ಲಿ ದೊಡ್ಡದಾಗಿರುವುದನ್ನು ಕಂಡರು. ತನ್ನ ಆಲೋಚನೆಯನ್ನು ತಾನೇ ಗಮನಿಸುವಾಗ ದುಡಿಯುವ ಭಾಗಗಳಲ್ಲಿ ಅದೂ ಒಂದು. ಕನಸಿನ ಅರಿವು ಬುದ್ಧಿಯನ್ನು ಬೆಳೆಸುತ್ತದೆಂದು ಈ ಅಧ್ಯಯನಗಳು ಹೇಳುವುದಿಲ್ಲ; ಎರಡೂ ಒಟ್ಟಿಗೆ ಕಾಣಿಸುತ್ತವೆ ಎಂದಷ್ಟೇ ಹೇಳುತ್ತವೆ. ಕನಸು ಕಲಿತರೆ ಜಾಣರಾಗುವಿರೆಂದು ಮಾರಾಟಕ್ಕೆ ನಿಂತವರು ಈ ಅಂತರವನ್ನು ಮುಚ್ಚಿಡುತ್ತಾರೆ. ಅರ್ಧರಾತ್ರಿ ಎದ್ದು ಮತ್ತೆ ಮಲಗುವ ಅವರ ಉಪಾಯಗಳಿಂದ ನಿದ್ರೆಗೇ ಭಂಗ ಬರುವುದುಂಟು.

ಜರ್ಮನಿಯ ಮನಶ್ಶಾಸ್ತ್ರಜ್ಞ ಪೌಲ್ ಟೋಲೈ ಹೇಳಿಕೊಟ್ಟ ಅಭ್ಯಾಸ ಹೆಚ್ಚು ವಿಚಾರಯೋಗ್ಯವಾದುದು. ಹಗಲಿನಲ್ಲಿ ಹಲವು ಬಾರಿ ನಿಂತು, ನಾನೀಗ ಕನಸಿನಲ್ಲಿರುವೆನೋ ಎಚ್ಚರದಲ್ಲಿರುವೆನೋ ಎಂದು ಪ್ರಾಮಾಣಿಕವಾಗಿ ಪರೀಕ್ಷಿಸಿಕೊಳ್ಳಬೇಕು. ಆ ಪ್ರಶ್ನೆ ಮೈಗೂಡಿದರೆ ಒಂದು ರಾತ್ರಿ ಕನಸಿನಲ್ಲಿಯೂ ತಾನಾಗಿ ಏಳುತ್ತದೆ. ಗೆನ್ನಾಡಿಯಸನಿಗೆ ತರುಣನು ಹೊರಗಿನಿಂದ ಬಂದು ಕೇಳಿದುದನ್ನು ಇಲ್ಲಿ ಸಾಧಕನು ತನಗೆ ತಾನೇ ಕೇಳಿಕೊಳ್ಳುತ್ತಾನೆ. ಯಾಂತ್ರಿಕವಾಗಿ ಕೇಳಿದರೆ ಫಲವಿಲ್ಲ. ಲಿಂಗಪೂಜೆಯನ್ನು ಬರಿಯ ರೂಢಿಯಾಗಿ ಮಾಡುವವರ ಬಗ್ಗೆ ಶರಣರಿಗಿದ್ದ ಅಸಮಾಧಾನವನ್ನು ಇಲ್ಲಿ ನೆನೆಯಬಹುದು.

ಆದರೆ ಶರಣರಿಗೆ ಈ ವಿಜ್ಞಾನವೆಲ್ಲ ಮೊದಲೇ ತಿಳಿದಿತ್ತೆನ್ನುವುದು ಅವರಿಗೆ ಸಲ್ಲಿಸುವ ಗೌರವವಲ್ಲ. ಅಕ್ಕನ ಕನಸು ಪ್ರಯೋಗವಾಗಿರಲಿಲ್ಲ. ಅದನ್ನು ನಡೆಸುವ ಹಂಬಲವೂ ಅವರಿಗಿರಲಿಲ್ಲ. ವಾನ್ ಏಡನ್ನರು ಲೋಟವನ್ನು ಒಡೆದು ನೋಡಿದರು, ಅಕ್ಕ ಗೊರವನ ಬೆನ್ನು ಹತ್ತಿದರು. ಕನಸಿನಲ್ಲಿ ಹಾರಾಡುವ, ಬಯಸಿದ್ದನ್ನು ಪಡೆಯುವ ಆಸೆಯೇ ಮುಖ್ಯವಾದರೆ ಹಗಲಿನ ಆಸೆಗೆ ಇರುಳೂ ಸೇರಿದಂತಾಯಿತಷ್ಟೆ.

2021ರಲ್ಲಿ ಅಮೆರಿಕ, ಫ್ರಾನ್ಸ್, ಜರ್ಮನಿ ಮತ್ತು ನೆದರ್ಲೆಂಡ್ಸ್‌ಗಳ ನಾಲ್ಕು ಪ್ರಯೋಗಾಲಯಗಳು 36 ಜನರೊಡನೆ ನಡೆಸಿದ ಪ್ರಯೋಗಗಳನ್ನು ಒಟ್ಟಾಗಿ ಪ್ರಕಟಿಸಿದವು. ಈ ಬಾರಿ ಮಲಗಿದ್ದವರಿಗೆ ಹೊರಗಿನಿಂದ ಪ್ರಶ್ನೆ ಕೇಳಲಾಯಿತು. ಎಂಟರಲ್ಲಿ ಆರು ಕಳೆದರೆ ಎಷ್ಟೆಂದು ಕೇಳಿದಾಗ ಅಮೆರಿಕದ ತರುಣನೊಬ್ಬನ ಕಣ್ಣುಗಳು ಮುಚ್ಚಿದ ರೆಪ್ಪೆಗಳ ಕೆಳಗೆ ಎರಡು ಸಲ ಹೊರಳಿದವು. ಹೆಚ್ಚಿನ ಪ್ರಯತ್ನಗಳಲ್ಲಿ ಉತ್ತರವೇ ಬರಲಿಲ್ಲ, ಆದರೆ ಬಂದ ಸ್ಪಷ್ಟ ಉತ್ತರಗಳಲ್ಲಿ ಸರಿಯಾದವೇ ಹೆಚ್ಚು. ಒಬ್ಬರಿಗೆ ಆ ಪ್ರಶ್ನೆ ಕನಸಿನ ಕಾರಿನ ರೇಡಿಯೋದಿಂದ ಕೇಳಿಸಿತ್ತು. ಕೆಲವರು ನಿದ್ರೆಯಲ್ಲಿ ಲೆಕ್ಕವನ್ನು ಸರಿಯಾಗಿ ಮಾಡಿ, ಎದ್ದಮೇಲೆ ಕೇಳಿದ ಲೆಕ್ಕ ಯಾವುದೆಂಬುದನ್ನೇ ತಪ್ಪಾಗಿ ಹೇಳಿದರು.