ಪೋರ್ಟ್‌ಲೆಂಡ್ ನಗರ ಬೆಳವಣಿಗೆ ಗಡಿ

ಪೋರ್ಟ್‌ಲೆಂಡ್ ನಗರ ಬೆಳವಣಿಗೆ ಗಡಿಯು ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ಮಹಾನಗರವು ಸುತ್ತಲಿನ ಕೃಷಿಭೂಮಿ ಮತ್ತು ಅರಣ್ಯಗಳಿಗೆ ಹರಡದಂತೆ ತಡೆಯಲು ಗುರುತಿಸಲಾದ ಕಾನೂನುಬದ್ಧ ಎಲ್ಲೆಯಾಗಿದೆ. 1973ರ ರಾಜ್ಯ ಭೂಬಳಕೆ ಕಾಯಿದೆಯನ್ವಯ ರಾಜ್ಯದ ನಗರಗಳಿಗೆ ಇಂತಹ ಗಡಿ ಕಡ್ಡಾಯವಾಯಿತು; ಪೋರ್ಟ್‌ಲೆಂಡ್ ಪ್ರದೇಶದ ಗಡಿಯು 1979ರಲ್ಲಿ ರೂಪುಗೊಂಡಿತು. ಜನರಿಂದ ನೇರವಾಗಿ ಚುನಾಯಿತವಾಗುವ 'ಮೆಟ್ರೊ' ಎಂಬ ಪ್ರಾದೇಶಿಕ ಆಡಳಿತವು ಇದನ್ನು ನಿರ್ವಹಿಸುತ್ತದೆ.

ಮುಂದಿನ 20 ವರ್ಷಗಳ ವಸತಿಗೆ ಸಾಲುವಷ್ಟು ಭೂಮಿ ಗಡಿಯೊಳಗಿರಬೇಕೆಂಬುದು ನಿಯಮ. ಸಾಲದಿದ್ದರೆ ಗಡಿಯನ್ನು ವಿಸ್ತರಿಸಬೇಕು, ಇಲ್ಲವೇ ಒಳಗಿನ ವಸತಿ ಸಾಂದ್ರತೆಯನ್ನು ಹೆಚ್ಚಿಸಬೇಕು. ಹೊಲಗಳು ಉಳಿದರೂ ನಿವೇಶನಗಳ ಬೆಲೆಯೇರಿ ಬಡವರಿಗೆ ಮನೆ ದುರ್ಲಭವಾಗುತ್ತದೆಂಬುದು ವಿಮರ್ಶಕರ ಆಕ್ಷೇಪ. ಗಡಿಯೊಳಗೂ ಅನೇಕ ಬಡಾವಣೆಗಳು ಒಂಟಿ ಮನೆಗಳಿಗೇ ಮೀಸಲಾಗಿದ್ದವು. 2019ರ ರಾಜ್ಯ ಕಾನೂನು ಅಂತಹ ಬಡಾವಣೆಗಳಲ್ಲಿ ನಾಲ್ಕು ಮನೆಗಳವರೆಗಿನ ಕಟ್ಟಡಗಳಿಗೂ ಅವಕಾಶ ಕಲ್ಪಿಸಿತು.