ಘಟ್ಟದ ಮೇಲೊಂದು ಕಾಲು, ಕೆಳಗೊಂದು ಕಾಲು

ಕಾರ್ಕಳದಿಂದ ಶೃಂಗೇರಿಗೆ ಹೊರಟ ಬಸ್ಸು ಬಜಗೋಳಿ, ಮಾಳಗಳನ್ನು ದಾಟಿ, ಏದುಸಿರು ಬಿಡುತ್ತ ಘಟ್ಟ ಹತ್ತಿದ ಮೇಲೆ ಒಂದು ಜಾಗ ಸಿಗುತ್ತದೆ. ಅದಕ್ಕೆ ಎಸ್.ಕೆ. ಬಾರ್ಡರ್ ಎಂದು ಹೆಸರು. ಸೌತ್ ಕೆನರಾ ಎಂಬ ಹೆಸರು ಸರ್ಕಾರದ ಕಾಗದದಿಂದ ಅಳಿದು ದಶಕಗಳಾದವು. ಆದರೂ ಬಸ್ಸಿನವರ ಬಾಯಲ್ಲಿ ಅದು ಇನ್ನೂ ಬದುಕಿದೆ. 1956ರ ನವೆಂಬರ್ 1ರವರೆಗೆ ಅಲ್ಲಿಂದ ಕೆಳಕ್ಕೆ ಮದರಾಸು, ಮೇಲಕ್ಕೆ ಮೈಸೂರು. ಒಂದೇ ಮಳೆ, ಒಂದೇ ಕಾಡು. ಆದರೆ ರಾಜ್ಯ ಎರಡು, ಕಂದಾಯದ ಪದ್ಧತಿ ಎರಡು, ಪಾರ್ಲಿಮೆಂಟಿಗೆ ಕಳುಹಿಸುವ ಸದಸ್ಯರೂ ಬೇರೆ ಬೇರೆ.

ನಾನು ಹುಟ್ಟಿದ್ದು ಕೊಪ್ಪ ತಾಲ್ಲೂಕಿನಲ್ಲಿ. ಅನ್ನ ಹುಟ್ಟಿದ್ದು ಕರಾವಳಿಯ ಕಾಲೇಜಿನಲ್ಲಿ. ಆದ್ದರಿಂದ 2008ರಲ್ಲಿ ‘ಉಡುಪಿ ಚಿಕ್ಕಮಗಳೂರು’ ಎಂಬ ಹೊಸ ಲೋಕಸಭಾ ಕ್ಷೇತ್ರ ಹುಟ್ಟಿದಾಗ ನನಗೆ ಒಂದು ಬಗೆಯ ಸ್ವಾರ್ಥದ ಸಂತೋಷವಾಯಿತು. ಊರಿಗೂ ಉದ್ಯೋಗಕ್ಕೂ ಒಬ್ಬನೇ ಪ್ರತಿನಿಧಿ! ಊರಿಗೆ ಹೋಗಿ ಹೇಳಿದಾಗ ಅಪ್ಪಯ್ಯ ಮಾತ್ರ ಅಡಿಕೆ ಸುಲಿಯುವ ಕತ್ತಿಯಿಂದ ಕಣ್ಣೆತ್ತದೆ, “ಸಮುದ್ರದವರಿಗೆ ನಮ್ಮ ಕೊಳೆರೋಗ ತಿಳೀತದೇನೋ?” ಎಂದರು. ಆ ಪ್ರಶ್ನೆಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಐದು ಚುನಾವಣೆಗಳ ಲೆಕ್ಕ ಮುಂದಿಟ್ಟುಕೊಂಡು ಈಗ ಹುಡುಕುತ್ತಿದ್ದೇನೆ.

ಕ್ಷೇತ್ರಗಳ ಗಡಿಯನ್ನು ಮತ್ತೆ ಎಳೆಯಲೆಂದು 2002ರ ಕಾನೂನಿನಂತೆ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯಲ್ಲಿ ಆಯೋಗವೊಂದು ನೇಮಕವಾಯಿತು. 2001ರ ಜನಗಣತಿಯೇ ಅದರ ಅಳತೆಗೋಲು. ಕರ್ನಾಟಕದ ಪಾಲಿನ ಸ್ಥಾನಗಳು 28. ಅವು ಹೆಚ್ಚಲೂ ಇಲ್ಲ, ಕಡಿಮೆಯಾಗಲೂ ಇಲ್ಲ. ಒಳಗಿನ ಗೋಡೆಗಳನ್ನಷ್ಟೇ ಕೆಡವಿ ಬೇರೆ ಕಡೆ ಕಟ್ಟಿದರು. ಕನಕಪುರ ಹೋಯಿತು, ಬೆಂಗಳೂರು ಗ್ರಾಮಾಂತರ, ಬೆಂಗಳೂರು ಕೇಂದ್ರ, ಹಾವೇರಿ ಬಂದವು. ಮಂಗಳೂರು ಕ್ಷೇತ್ರದೊಡನೆ ಇದ್ದ ಕೊಡಗು ಮೈಸೂರಿನ ಮಡಿಲಿಗೆ ಹೋಯಿತು. ಉಡುಪಿ, ಚಿಕ್ಕಮಗಳೂರು ಎಂಬ ಎರಡು ಹಳೆಯ ಕ್ಷೇತ್ರಗಳು ಅಳಿದು ಒಂದಾದವು.

ಅಳಿದುಹೋದ ಆ ಎರಡೂ ಸಾಮಾನ್ಯ ಕ್ಷೇತ್ರಗಳಲ್ಲ. ಉಡುಪಿ 1967ರಲ್ಲಿ ಸ್ವತಂತ್ರ ಪಕ್ಷದ ಲೋಬೊ ಪ್ರಭು ಅವರನ್ನೂ 1977ರಲ್ಲಿ ಟಿ.ಎ. ಪೈಯವರನ್ನೂ ಕಳುಹಿಸಿತ್ತು, 1980ರಿಂದ ಐದು ಬಾರಿ ಎಡೆಬಿಡದೆ ಆಸ್ಕರ್ ಫರ್ನಾಂಡಿಸ್ ಅವರನ್ನು ಆರಿಸಿತ್ತು. ಚಿಕ್ಕಮಗಳೂರಿನ ಹೆಸರಂತೂ ಒಂದು ಉಪಚುನಾವಣೆಯಿಂದ ಲೋಕಕ್ಕೆಲ್ಲ ತಿಳಿಯಿತು. 1978ರಲ್ಲಿ ಡಿ.ಬಿ. ಚಂದ್ರೇಗೌಡರು ತೆರವು ಮಾಡಿದ ಸ್ಥಾನದಲ್ಲಿ ಇಂದಿರಾ ಗಾಂಧಿಯವರು ನಿಂತು, ವೀರೇಂದ್ರ ಪಾಟೀಲರನ್ನು 77,333 ಮತಗಳಿಂದ ಸೋಲಿಸಿದರು. ನಾನು ಹುಟ್ಟುವ ಮೊದಲಿನ ಕಥೆ ಇದು. ನಮ್ಮ ಮನೆಯಲ್ಲಿ ಮಾತ್ರ ಇದನ್ನು ಮದುವೆಯ ಸುದ್ದಿಯಂತೆ, ಯಾವ ಜೀಪು ಎಲ್ಲಿ ಹೂತುಕೊಂಡಿತು ಎಂಬ ವಿವರದೊಡನೆ, ಹೇಳಿ ಹೇಳಿ ನನಗೆ ಕಣ್ಣಾರೆ ಕಂಡಂತಾಗಿದೆ. ಅದೇ ಡಿಸೆಂಬರಿನಲ್ಲಿ ಅವರನ್ನು ಲೋಕಸಭೆಯಿಂದ ಹೊರಹಾಕಿದಾಗ ಊರಿನ ಹಿರಿಯರಿಗೆ ತಮ್ಮ ಮನೆಗೆ ಬಂದ ಅತಿಥಿಯನ್ನು ಯಾರೋ ಅವಮಾನಿಸಿದಂತೆ ಅನಿಸಿತಂತೆ.

ಹೊಸ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳು: ಕೆಳಗೆ ಕುಂದಾಪುರ, ಉಡುಪಿ, ಕಾಪು, ಕಾರ್ಕಳ, ಮೇಲೆ ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ. ತಕ್ಕಡಿಯಲ್ಲಿ ತೂಗಿದಂತೆ ನಾಲ್ಕಕ್ಕೆ ನಾಲ್ಕು. ಆದರೆ ತಕ್ಕಡಿಯಿಂದ ಕೆಳಗೆ ಬಿದ್ದ ಊರುಗಳೂ ಉಂಟು. ಉಡುಪಿ ಜಿಲ್ಲೆಯ ಬೈಂದೂರು ಶಿವಮೊಗ್ಗ ಕ್ಷೇತ್ರಕ್ಕೆ ಸೇರಿತು. ಕೊಲ್ಲೂರಿನ ಮೂಕಾಂಬಿಕೆಯ ಊರಿನವರು ಜಿಲ್ಲಾಧಿಕಾರಿಯನ್ನು ಕಾಣಲು ಉಡುಪಿಯ ಕಡೆಗೆ ಮುಖಮಾಡಬೇಕು, ಲೋಕಸಭಾ ಸದಸ್ಯರನ್ನು ಕಾಣಲು ಘಟ್ಟ ಹತ್ತಬೇಕು. ಕಡೂರು ಹಾಸನಕ್ಕೆ ಹೋಯಿತು. ಇದರಲ್ಲಿ ಚರಿತ್ರೆಯ ಒಂದು ತಮಾಷೆ ಅಡಗಿದೆ. 1947ರವರೆಗೆ ನಮ್ಮ ಇಡೀ ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರು. ಜಿಲ್ಲೆಗೆ ಹೆಸರು ಕೊಟ್ಟ ಊರೇ ಈಗ ಜಿಲ್ಲೆಯ ಹೆಸರಿನ ಕ್ಷೇತ್ರದಲ್ಲಿಲ್ಲ! ಇನ್ನೊಂದು ರೀತಿಯಲ್ಲಿ ನೋಡಿದರೆ, 1952ರ ಮೊದಲ ಚುನಾವಣೆಯಲ್ಲಿ ನಮ್ಮದು ಹಾಸನ–ಚಿಕ್ಕಮಗಳೂರು ಎಂಬ ಜೋಡಿ ಕ್ಷೇತ್ರ; ಕಡೂರಿನವರು ಹಳೆಯ ಸಂಬಂಧವನ್ನು ಮತ್ತೆ ಹುಡುಕಿಕೊಂಡು ಹೋದರೆನ್ನಬೇಕು.

ಆಗುಂಬೆಯ ದಾರಿಯೂ ಹೀಗೆಯೇ. ಉಡುಪಿಯಿಂದ ಆ ಘಟ್ಟ ಹತ್ತಿ ಶೃಂಗೇರಿಗೆ ಹೋಗುವವನು ನಡುವೆ ತೀರ್ಥಹಳ್ಳಿ ತಾಲ್ಲೂಕನ್ನು, ಎಂದರೆ ಶಿವಮೊಗ್ಗ ಕ್ಷೇತ್ರವನ್ನು, ಹಾದುಹೋಗುತ್ತಾನೆ. ಒಂದೇ ಮನೆಯ ಜಗಲಿಯಿಂದ ಅಡಿಗೆಮನೆಗೆ ಹೋಗಲು ಪಕ್ಕದವರ ಅಂಗಳ ತುಳಿದಂತೆ. ಅಂಗಳ ತುಳಿಯದೆ ಹೋಗಬೇಕೆಂದರೆ ಕುದುರೆಮುಖದ ಕಾಡಿನ ದಾರಿ, ಅದೇ ಎಸ್.ಕೆ. ಬಾರ್ಡರಿನ ದಾರಿ, ಹಿಡಿಯಬೇಕು.

ಇನ್ನು ಫಲಿತಾಂಶದ ಮಾತು. 2009ರ ಮೇ 16ರಂದು ಮೊದಲ ಎಣಿಕೆ. ಸುಳ್ಯದ ಕಡೆಯವರಾದ, ಅದುವರೆಗೆ ಮಂಗಳೂರಿನ ಸದಸ್ಯರಾಗಿದ್ದ ಡಿ.ವಿ. ಸದಾನಂದಗೌಡರು ಬಿಜೆಪಿಯಿಂದ ನಿಂತು 4,01,441 ಮತ ಪಡೆದರು, ಕಾಂಗ್ರೆಸ್ಸಿನ ಕೆ. ಜಯಪ್ರಕಾಶ್ ಹೆಗ್ಡೆಯವರಿಗೆ 3,74,423. ಅಂತರ 27,018. 2011ರ ಆಗಸ್ಟಿನಲ್ಲಿ ಸದಾನಂದಗೌಡರು ಮುಖ್ಯಮಂತ್ರಿಗಳಾದರು, ಸ್ಥಾನ ತೆರವಾಯಿತು. 2012ರ ಮಾರ್ಚಿನ ಉಪಚುನಾವಣೆಯಲ್ಲಿ ಹೆಗ್ಡೆಯವರು 3,98,723 ಮತ ಪಡೆದು ಬಿಜೆಪಿಯ ವಿ. ಸುನಿಲ್ ಕುಮಾರ್ ಅವರನ್ನು 45,724 ಮತಗಳಿಂದ ಸೋಲಿಸಿದರು. ಮುಖ್ಯಮಂತ್ರಿ ಬಿಟ್ಟುಹೋದ ಸ್ಥಾನವನ್ನು ಅವರ ಪಕ್ಷ ಅವರ ಅಧಿಕಾರದ ಕಾಲದಲ್ಲಿಯೇ ಕಳೆದುಕೊಂಡದ್ದು ಆಗ ದೊಡ್ಡ ಸುದ್ದಿ. ಘಟ್ಟದ ಮೇಲಿನವರಾದ ಜನತಾದಳದ ಎಸ್.ಎಲ್. ಭೋಜೇಗೌಡರು ಆ ಸಲ ಮೂರನೆಯವರಾಗಿ ಪಡೆದ ಮತಗಳು ಗೆಲುವಿನ ಅಂತರಕ್ಕಿಂತ ಹೆಚ್ಚಾಗಿದ್ದವು ಎಂಬುದನ್ನು ಬಹಳ ಜನ ಗಮನಿಸಲಿಲ್ಲ.

ನಾನು ಈ ಅಂಕಿಗಳ ಮುಂದೆ ಬಹಳ ಹೊತ್ತು ಕುಳಿತದ್ದು ಮುಂದಿನ ಚುನಾವಣೆಯ ಕಾರಣಕ್ಕೆ. 2014ರಲ್ಲಿ ಹೆಗ್ಡೆಯವರಿಗೆ ಬಂದ ಮತ 3,99,525. ಎಂದರೆ ಗೆದ್ದಾಗ ಪಡೆದುದಕ್ಕಿಂತ 802 ಹೆಚ್ಚು. ಆದರೂ ಸೋಲು, ಅದೂ 1,81,643 ಮತಗಳ ಅಂತರದಿಂದ! ಶೋಭಾ ಕರಂದ್ಲಾಜೆಯವರು 5,81,168 ಮತ ಪಡೆದಿದ್ದರು. 2012ರಲ್ಲಿ ಮೊದಲಿಬ್ಬರಿಗೆ ಬಿದ್ದದ್ದು ಒಟ್ಟು 7,51,722, 2014ರಲ್ಲಿ 9,80,693. ಹೆಗ್ಡೆಯವರ ಮತದಾರರು ಅವರನ್ನು ಬಿಟ್ಟು ಹೋದರೆಂದು ಅಂದಿನ ಚಹಾದಂಗಡಿಯ ಪಂಡಿತರು ಹೇಳಿದ್ದು ಒಟ್ಟು ಲೆಕ್ಕಕ್ಕೆ ಹೊಂದುವುದಿಲ್ಲ. ಅವರ ಗುಡ್ಡೆ ಕರಗಲಿಲ್ಲ. ಎದುರಿನ ಗುಡ್ಡೆ ಬೆಟ್ಟವಾಯಿತು. ಉಪಚುನಾವಣೆಯಲ್ಲಿ ಮನೆಯಲ್ಲೇ ಉಳಿದವರು ದೆಹಲಿಯ ಗದ್ದುಗೆಯ ಪ್ರಶ್ನೆ ಬಂದಾಗ ಎದ್ದು ಬಂದರು.

2019ರಲ್ಲಿ ಕಾಂಗ್ರೆಸ್ಸು ಈ ಸ್ಥಾನವನ್ನು ಮೈತ್ರಿಯ ಲೆಕ್ಕದಲ್ಲಿ ಜನತಾದಳಕ್ಕೆ ಬಿಟ್ಟಿತು. ಕಾಂಗ್ರೆಸ್ಸಿನವರೇ ಆದ ಪ್ರಮೋದ್ ಮಧ್ವರಾಜರು ದಳದ ಚಿಹ್ನೆಯಿಂದ ನಿಂತರು. ಹಳೆಯ ಉಡುಪಿ ಕ್ಷೇತ್ರದ ಕೊನೆಯ ಸದಸ್ಯೆ, 2004ರಲ್ಲಿ ಬಿಜೆಪಿಯಿಂದ ಗೆದ್ದ ಮನೋರಮಾ ಮಧ್ವರಾಜರ ಪುತ್ರರು ಅವರು. ಶೋಭಾ ಅವರಿಗೆ 7,18,916, ಇವರಿಗೆ 3,69,317. 2024ರಲ್ಲಿ ಕಾಂಗ್ರೆಸ್ಸಿಗೆ ಮರಳಿದ ಹೆಗ್ಡೆಯವರು 4,73,059 ಮತ ಪಡೆದರು. ನಾಲ್ಕು ಸಲ ನಿಂತು, ಪ್ರತಿ ಸಲವೂ ಹಿಂದಿನದಕ್ಕಿಂತ ಹೆಚ್ಚು ಮತ ಪಡೆದು, ಒಂದೇ ಸಲ ಗೆದ್ದವರು ಅವರು. ಕೋಟ ಶ್ರೀನಿವಾಸ ಪೂಜಾರಿಯವರು ಅವರನ್ನು 2,59,175 ಮತಗಳಿಂದ ಸೋಲಿಸಿದರು. ಗ್ರಾಮ ಪಂಚಾಯಿತಿಯಿಂದ ಮೆಟ್ಟಿಲು ಹತ್ತಿದ ಮನುಷ್ಯ ಎಂಬ ಕಾರಣಕ್ಕೆ ಪಕ್ಷ ನೋಡದೆಯೂ ಅವರನ್ನು ಮೆಚ್ಚುವವರನ್ನು ನಾನು ಕಂಡಿದ್ದೇನೆ.

ಇಲ್ಲೊಂದು ಅಡ್ಡಮಾತು. 2009ರಲ್ಲಿ, ಈ ಹೊಸ ಕ್ಷೇತ್ರ ತನ್ನ ಮೊದಲ ಸದಸ್ಯನನ್ನು ಆರಿಸಿದ ದಿನವೇ, ಇಂದಿರಾ ಗಾಂಧಿಯವರಿಗೆ ಸ್ಥಾನ ಬಿಟ್ಟುಕೊಟ್ಟಿದ್ದ ಚಂದ್ರೇಗೌಡರು ಬಿಜೆಪಿಯಿಂದ ಬೆಂಗಳೂರು ಉತ್ತರದಲ್ಲಿ ಗೆದ್ದರು. ಅವರ ನಂತರ ಅಲ್ಲಿಗೆ ಹೋದವರು ಸದಾನಂದಗೌಡರು, 2014 ಮತ್ತು 2019ರಲ್ಲಿ. 2024ರಲ್ಲಿ ಶೋಭಾ. ನಮ್ಮ ಕ್ಷೇತ್ರದ ನೀರು ಕುಡಿದವರು ಸಾಲಾಗಿ ಬೆಂಗಳೂರು ಉತ್ತರದ ಸದಸ್ಯರಾದರು! ಮಲೆನಾಡಿನ ಹುಡುಗರು ಕೆಲಸ ಹುಡುಕಿಕೊಂಡು ಬೆಂಗಳೂರಿನ ಬಸ್ಸು ಹತ್ತುವಾಗ ಅವರ ಪ್ರತಿನಿಧಿಗಳನ್ನು ಮಾತ್ರ ಯಾಕೆ ದೂರಬೇಕು?

ಈಗ ಅಪ್ಪಯ್ಯನ ಪ್ರಶ್ನೆ. 2009ರಿಂದ 2024ರವರೆಗೆ ಗೆದ್ದ ನಾಲ್ವರಲ್ಲಿ ಘಟ್ಟದ ಮೇಲಿನವರು ಒಬ್ಬರೂ ಇಲ್ಲ. ಎಲ್ಲರೂ ಹಳೆಯ ಸೌತ್ ಕೆನರಾದವರು. 2024ರಲ್ಲಂತೂ ಮುಖ್ಯ ಸ್ಪರ್ಧಿಗಳಿಬ್ಬರೂ ಉಡುಪಿ ಜಿಲ್ಲೆಯವರೇ. ನಾಲ್ಕಕ್ಕೆ ನಾಲ್ಕು ಎಂಬ ತಕ್ಕಡಿ ಟಿಕೆಟ್ಟಿನ ಅಂಗಡಿಯಲ್ಲಿ ಒಂದೇ ಕಡೆಗೆ ವಾಲಿತು. ಇದರಲ್ಲಿ ಗೆದ್ದವರ ತಪ್ಪೇನೂ ಇಲ್ಲ. ಮತ ಕೊಟ್ಟವರಲ್ಲಿ ನಾವೂ ಇದ್ದೇವೆ. ಆದರೆ ಮೀನುಗಾರಿಕೆಯ ಬಂದರಿಗೂ ಕಾಫಿಯ ಗಿಡಕ್ಕೂ ತರೀಕೆರೆಯ ಬಯಲಿಗೂ ಒಬ್ಬನೇ ಬಾಯಾಗುವುದು ಎಷ್ಟು ಕಷ್ಟವೆಂಬುದು, ಎರಡೂ ಕಡೆ ಬಾಳಿದ ನನಗೆ ಗೊತ್ತು. ತರಗತಿಯಲ್ಲಿ ‘ಕೊಳೆರೋಗ’ ಎಂದರೆ ಮಲ್ಪೆಯ ಹುಡುಗ ಮುಖ ನೋಡುತ್ತಾನೆ. ಊರಿನಲ್ಲಿ ‘ಟ್ರಾಲರ್’ ಎಂದರೆ ಅಪ್ಪಯ್ಯ ಮುಖ ನೋಡುತ್ತಾರೆ.

ಸ್ಥಾನಗಳ ಸಂಖ್ಯೆಗೆ ಹಾಕಿದ ಬೀಗ 2026ರ ನಂತರದ ಮೊದಲ ಜನಗಣತಿಯವರೆಗೆ ಮಾತ್ರ ಎಂದು ಸಂವಿಧಾನದ 84ನೆಯ ತಿದ್ದುಪಡಿ ಹೇಳುತ್ತದೆ. ಅದು ತೆಗೆದ ಮೇಲೆ ಮತ್ತೆ ಸೀಮೆಸುಣ್ಣ ಹಿಡಿದವರು ಬರುತ್ತಾರೆ. ಕಳೆದ ಸಲ ಊರಿಗೆ ಹೋದಾಗ ಇದನ್ನು ಹೇಳಿದೆ. ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಕಡೂರಿನವರು ವಾಪಸು ಬರ್ತಾರೇನು?” ಎಂದು ಕೇಳಿದರು. ಕಡೂರಿನಲ್ಲಿ ನಮಗೆ ನೆಂಟರು ಯಾರೂ ಇಲ್ಲ.